ನೀಲಿ ಅಕ್ಷರದ ಮಾತು

ಫೆಬ್ರುವರಿ 10, ಸೋಮವಾರ

ಕೊನೆಗೂ ಲೇಖನದ ವಿಷಯಕ್ಕೆ ಒಪ್ಪಿಗೆ ಸಿಕ್ಕಿತು. ಗೌರೀಶಂಕರ ಸರ್ ಕನ್ನಡಕ ಹಣೆಗೇರಿಸಿ, "ಹ್ಞೂಂ, ಇದ್ರಲ್ಲಿ ಏನೋ ಇದೆ ಪ್ರೇರಣಾ, ಮಾಡಿ" ಎಂದರು. ಇಷ್ಟು ಕೇಳುವುದಕ್ಕೆ ಒಂದು ತಿಂಗಳು ಅವರ ರೂಮಿನ ಬಾಗಿಲು ಕಾದಿದ್ದೇನೆ. ಹಿಂದೆ ಕೊಟ್ಟ ವಿಷಯಗಳನ್ನೆಲ್ಲ ಅವರು ಹಲ್ಲಿಯನ್ನು ಕಂಡವರ ಹಾಗೆ ನೋಡಿದ್ದರು.

ವಿಷಯ ಇದು: ಗೊಟ್ಟಿಗೆರೆಯಲ್ಲಿ ಬತ್ತಿಹೋದ ಕೊಳವೆಬಾವಿಗಳು ಉಸಿರಾಡುತ್ತವೆ. ಕಟ್ಟುಕಥೆಯಲ್ಲ, ವಿಜ್ಞಾನ. ನೀರು ಹೋದ ಮೇಲೆ ಬಂಡೆಯ ಬಿರುಕುಗಳಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಹೊರಗೆ ವಾಯುಭಾರ ಏರಿದಾಗ ಬಾವಿ ಗಾಳಿ ಎಳೆದುಕೊಳ್ಳುತ್ತದೆ, ಮಧ್ಯಾಹ್ನ ಇಳಿದಾಗ ಹೊರಗೆ ಬಿಡುತ್ತದೆ. ಮುಚ್ಚಳದ ಸಂದಿಯಲ್ಲಿ ಅದು ನುಗ್ಗುವಾಗ ಯಾರೋ ನರಳಿದಂಥ ಸದ್ದು. ಭೂವಿಜ್ಞಾನಿ ದೇವದಾಸ್ ಅವರು ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದ್ದಾರೆ. ಇನ್ನು ಬೇಕಿರುವುದು ಬಾವಿಯ ಪಕ್ಕ ಬದುಕುವ ಒಬ್ಬ ಮನುಷ್ಯ. ಮನುಷ್ಯರ ಮುಖವಿಲ್ಲದ ವಿಜ್ಞಾನ ಲೇಖನ ಬರೀ ಪಠ್ಯಪುಸ್ತಕ ಅನ್ನುವುದು ಸರ್ ದಿನಕ್ಕೊಮ್ಮೆ ಹೇಳುವ ಮಾತು.

ಏಳು ವರ್ಷ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಪಠ್ಯಪುಸ್ತಕ ಅರೆದು ಕುಡಿಸಿ ಸಾಕಾಗಿಯೇ ನಾನು ಕೆಲಸ ಬಿಟ್ಟು ಬಂದಿದ್ದು. ಮೂವತ್ತೆರಡನೇ ವಯಸ್ಸಿನಲ್ಲಿ, ಜಯನಗರದ ಈ ಕಾಲೇಜಿನಲ್ಲಿ, ಮೊದಲ ದಿನ ನನ್ನನ್ನು ಕಂಡು "ಮೇಡಂ" ಎಂದು ಎದ್ದು ನಿಂತ ಹುಡುಗಿಯರ ಪಕ್ಕ ಕೂತು ವಿಜ್ಞಾನ ಪತ್ರಿಕೋದ್ಯಮದ ಎಂ.ಎ. ಓದುತ್ತಿದ್ದೇನೆ. ಈ ಕೊನೆಯ ಲೇಖನ ಪಾಸಾದರೆ ಪದವಿ. ಆಗದಿದ್ದರೆ ಮತ್ತೆ ಅದೇ ಒಂಬತ್ತನೇ ಕ್ಲಾಸು, ಅದೇ ಸೀಮೆಸುಣ್ಣ. "ನಾವು ಆವತ್ತೇ ಹೇಳಿದ್ವಿ" ಎನ್ನಲು ನೆಂಟರೆಲ್ಲ ತುದಿಗಾಲಲ್ಲಿ ನಿಂತಿದ್ದಾರೆ.

ಅಮ್ಮ ಒಬ್ಬಳು ಹಾಗಲ್ಲ. ಕತ್ರಿಗುಪ್ಪೆಯ ಈ ಮನೆಯಲ್ಲಿ ನಾವಿಬ್ಬರೇ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಆಯುಷ್ಯವೆಲ್ಲ ಬೇರೆಯವರ ಲೈನು ಜೋಡಿಸಿ, ಬಾಕಿ ಉಳಿದ ತನ್ನ ಮಾತನ್ನೆಲ್ಲ ಈಗ ನನ್ನ ತಲೆಯ ಮೇಲೆ ಸುರಿಯುತ್ತಾಳೆ. ವಿಷಯ ಕೇಳಿ, "ಬಾವಿ ಉಸಿರಾಡುತ್ತಂತಾ? ನೀನ್ ಮೊದ್ಲು ಸರಿಯಾಗಿ ಉಸಿರಾಡೇ ತಾಯಿ, ಬೆಳಗ್ಗೆಯಿಂದ ಹೊಟ್ಟೆಗಿಲ್ದೆ ಒಳ್ಳೆ ಸುಂಟರಗಾಳಿ ಥರ ಸುತ್ತುತಿದೀಯ" ಎಂದಳು. ನಂತರ ಅವರೆಕಾಳು ಉಪ್ಪಿಟ್ಟು ಬಡಿಸಿದಳು.

ಫೆಬ್ರುವರಿ 13, ಗುರುವಾರ

ಬನಶಂಕರಿಯಲ್ಲಿ ಬಸ್ಸು ಬದಲಿಸಿ ಗೊಟ್ಟಿಗೆರೆ ಮುಟ್ಟುವಷ್ಟರಲ್ಲಿ ಬನ್ನೇರುಘಟ್ಟ ರಸ್ತೆಯ ಧೂಳೆಲ್ಲ ನನ್ನ ಮುಖದ ಮೇಲಿತ್ತು. ಅಪಾರ್ಟ್‌ಮೆಂಟುಗಳ ಬೆನ್ನಿಗೆ ಹಳೇ ಊರಿನ ಒಂದೆರಡು ಬೀದಿ ಉಳಿದಿವೆ. ಅಲ್ಲಿ ತಿಮ್ಮಕ್ಕ ಎಂಬ ಅಜ್ಜಿಯ ಮನೆ. ಮಗ ಚಿನ್ನಪ್ಪ ಆಟೊ ಓಡಿಸುತ್ತಾರೆ. ಹಿತ್ತಿಲಲ್ಲಿ ಕೊಳವೆಬಾವಿ, ಮೇಲೆ ತುಕ್ಕು ತಿಂದ ತಗಡಿನ ಮುಚ್ಚಳ, ಮುಚ್ಚಳ ಹಾರದಂತೆ ಒಂದು ಕಲ್ಲು.

ಸದ್ದು ಕೇಳಿದೆ. ಬಿಸಿಲು ಇಳಿಮುಖವಾದಾಗ ಶುರುವಾಯಿತು. ಸಂದಿಗೆ ಕೈ ಹಿಡಿದರೆ ತೇವದ ಗಾಳಿ ಬೆರಳಿಗೆ ತಾಗುತ್ತದೆ. ಕಾರಣ ಗೊತ್ತಿದ್ದೂ ಕೈ ಹಿಂದಕ್ಕೆಳೆದುಕೊಂಡೆ.

ಆದರೆ ತಿಮ್ಮಕ್ಕನಿಂದ ಒಂದು ಕೆಲಸಕ್ಕೆ ಬರುವ ಮಾತು ಹೊರಡಲಿಲ್ಲ. ರಾತ್ರಿ ಹೊತ್ತು ಭಯ ಆಗುವುದಿಲ್ಲವೇ ಎಂದು ಕೇಳಿದೆ. "ಭಯ ಏನಕ್ಕವ್ವ? ಗಾಳಿ ಅದು. ನಿಮ್ಮನೇಲಿ ಕುಕ್ಕರ್ ಕೂಗಿದ್ರೆ ಎದ್ದು ಓಡೋಗ್ತೀಯಾ?" ಎಂದು ನಕ್ಕುಬಿಟ್ಟರು. ಆಮೇಲೆ ಮಂಡಿ ನೋವು, ಟ್ಯಾಂಕರಿನವನ ದಿಮಾಕು, ಸೊಸೆ ಸಾರಿಗೆ ಹುಣಿಸೆಹುಳಿ ಜಾಸ್ತಿ ಹಾಕುವುದು. ರೆಕಾರ್ಡರ್ ತುಂಬ ಹುಳಿಸಾರು. ನನ್ನ ಲೇಖನ ನಿಲ್ಲಬೇಕಾದದ್ದು ಊರಿನ ನಂಬಿಕೆ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ ಎಂಬ ಕಟ್ಟಿನ ಮೇಲೆ. ಈ ಅಜ್ಜಿಗೆ ನಂಬಿಕೆಯೇ ಇಲ್ಲವೆಂದರೆ ನಾನು ಏನು ಮಾಡಲಿ?

ಬರುವಾಗ ಒಂದು ಸೋರೆಕಾಯಿ ಕೊಟ್ಟು, "ಬಾಣಂತಿ ಥರ ಬಿಳಿಚ್ಕೊಂಡಿದೀಯ, ತಿನ್ನು" ಎಂದರು. ಕೋಪವೂ ಬಂತು, ನಗುವೂ ಬಂತು.

ಫೆಬ್ರುವರಿ 16, ಭಾನುವಾರ

ಮೊದಲ ಕರಡು ಬರೆದೆ. ನಮ್ಮ ಕಾಲೇಜಿನಲ್ಲಿ ಒಂದು ಕ್ರಮವಿದೆ. ಯಾರದ್ದಾದರೂ ಮಾತು ಬರಬೇಕಾದ ಜಾಗದಲ್ಲಿ ನೀಲಿ ಅಕ್ಷರದಲ್ಲಿ "ಇಲ್ಲಿ ಮಾತು" ಎಂದಷ್ಟೇ ಹಾಕಿ ಮುಂದೆ ಹೋಗಬೇಕು. ಸಂದರ್ಶನ ಮುಗಿದ ಮೇಲೆ ಅವರು ನಿಜವಾಗಿ ಹೇಳಿದ್ದನ್ನು ಅಲ್ಲಿ ತುಂಬಿ ಕಪ್ಪು ಮಾಡಬೇಕು. ಆಮೇಲೆ ಸಹಪಾಠಿಯೊಬ್ಬಳು ರೆಕಾರ್ಡಿಂಗ್ ಕೇಳಿಸಿಕೊಂಡು, ಒಂದೊಂದು ಮಾತಿನ ಪಕ್ಕದಲ್ಲೂ ಸಹಿ ಹಾಕಬೇಕು. ಅವಳ ಸಹಿ ಇಲ್ಲದ ಲೇಖನ ಪರೀಕ್ಷಕರ ಮೇಜಿಗೇ ಹೋಗುವುದಿಲ್ಲ. ನನ್ನದನ್ನು ನೋಡುವವಳು ಅಂಜನಾ. ಹನುಮಂತನಗರದ ಹುಡುಗಿ, ಬಾಯಿ ಜೋರು, ನನಗೆ ಆ ಕ್ಲಾಸಿನಲ್ಲಿರುವ ಒಬ್ಬಳೇ ಗೆಳತಿ.

"ಇಲ್ಲಿ ಮಾತು" ಎಂದು ಬರೆದರೆ ನನಗೆ ಲಯ ಸಿಗುವುದಿಲ್ಲ. ಹಾಗಾಗಿ ತಿಮ್ಮಕ್ಕ ಹೇಳಬೇಕಾಗಿದ್ದ ಮಾತನ್ನೇ ನೀಲಿಯಲ್ಲಿ ಬರೆದೆ, ಸುಮ್ಮನೆ ಜಾಗ ಹಿಡಿಯುವುದಕ್ಕೆ: "ಮಧ್ಯಾಹ್ನದ ಹೊತ್ತಿನಲ್ಲಿ ಬಾವಿ ನನ್ನ ಹೆಸರು ಹಿಡಿದು ಕರೆಯುತ್ತದೆ. ನಾನು ಓಗೊಡುವುದಿಲ್ಲ. ಓಗೊಟ್ಟರೆ ನನ್ನ ಮಾತು ಅದರೊಳಗೆ ಬಿದ್ದುಹೋಗುತ್ತದೆ."

ಚೆನ್ನಾಗಿದೆ. ತೆಗೆಯುವಾಗ ಹೊಟ್ಟೆ ಉರಿಯುತ್ತದೆ.

ಫೆಬ್ರುವರಿ 20, ಗುರುವಾರ

ಸಂತೋಷಕ್ಕೆ ಕೂತಲ್ಲಿ ಕೂರಲಾಗುತ್ತಿಲ್ಲ.

ಹಿತ್ತಿಲಲ್ಲಿ ತಿಮ್ಮಕ್ಕ ಬಾವಿಯ ಪಕ್ಕ ಗೋಣಿಚೀಲ ಹಾಸಿ ಕೂತಿದ್ದರು. ನಾನು ರೆಕಾರ್ಡರ್ ಒತ್ತಿ ಕಳೆದ ವಾರದ ಪ್ರಶ್ನೆಯನ್ನೇ ಕೇಳಿದೆ. ನಗಲಿಲ್ಲ. ನನ್ನನ್ನೇ ನೋಡುತ್ತಾ, "ಮಧ್ಯಾಹ್ನದ ಹೊತ್ತಿನಲ್ಲಿ ಬಾವಿ ನನ್ನ ಹೆಸರು ಹಿಡಿದು ಕರೆಯುತ್ತದೆ. ನಾನು ಓಗೊಡುವುದಿಲ್ಲ. ಓಗೊಟ್ಟರೆ ನನ್ನ ಮಾತು ಅದರೊಳಗೆ ಬಿದ್ದುಹೋಗುತ್ತದೆ" ಎಂದರು.

ಒಂದು ಅಕ್ಷರ ಆಚೀಚೆ ಇಲ್ಲ. ಬಸ್ಸಿನಲ್ಲಿ ಕೂತು ಯೋಚಿಸಿದರೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಇಷ್ಟು ದಿನ ಓದಿದ್ದಕ್ಕೆ, ಸುತ್ತಾಡಿದ್ದಕ್ಕೆ, ಮನುಷ್ಯರ ಒಳಗಿರುವುದು ನನಗೆ ಮೊದಲೇ ಹೊಳೆಯುತ್ತಿದೆ, ಅಷ್ಟೇ. ಇದನ್ನೇ ಸರ್ ಪತ್ರಕರ್ತರ ಮೂಗು ಎನ್ನುವುದು. ಅವರು ಮಾತಾಡುವಷ್ಟು ಹೊತ್ತು ಬಾವಿಯ ಸದ್ದು ನಿಂತಿತ್ತು, ರೆಕಾರ್ಡಿಂಗಿಗೆ ಒಳ್ಳೆಯದೇ ಆಯಿತು.

ಮನೆಗೆ ಬಂದವಳೇ ನೀಲಿಯನ್ನು ಕಪ್ಪು ಮಾಡಿದೆ. ಅಮ್ಮ ಒಗ್ಗರಣೆ ಹಾಕುತ್ತಾ, "ಅಜ್ಜಿ ಇವತ್ತೇನ್ ಕೊಟ್ಲು? ಹೀರೇಕಾಯಾ?" ಎಂದಳು. ಏನೂ ಕೊಟ್ಟಿರಲಿಲ್ಲ.

ಫೆಬ್ರುವರಿ 27, ಗುರುವಾರ

ಶಿವರಾತ್ರಿಯ ಉಪವಾಸ, ಜಾಗರಣೆಯಿಂದ ಅಮ್ಮ ಇವತ್ತು ಕೂತಲ್ಲೇ ತೂಕಡಿಸುತ್ತಿದ್ದಾಳೆ. ತೂಕಡಿಸುತ್ತಲೇ ಪಕ್ಕದ ಮನೆಯವರ ಮದುವೆ ಮಾತುಕತೆ ಹೇಳುತ್ತಿದ್ದಾಳೆ. ಇದೊಂದು ಕಲೆ.

ಗೊಟ್ಟಿಗೆರೆಗೆ ಹೋಗುವ ಮುಂಚೆ ಮತ್ತಷ್ಟು ನೀಲಿ ಬರೆದುಕೊಂಡಿದ್ದೆ. "ಈ ಬಾವಿ ಕೊರೆಸಿದ ದಿನ ನನ್ನ ಗಂಡ ಮಗುವಿನಂತೆ ಅತ್ತಿದ್ದರು." "ಭೂಮಿಯ ಹೊಟ್ಟೆ ಬರಿದಾದಾಗ ಅದು ನಮ್ಮ ಉಸಿರನ್ನು ಕೇಳುತ್ತದೆ." ತಿಮ್ಮಕ್ಕ ಎಲ್ಲವನ್ನೂ ಹೇಳಿದರು, ನಾನು ಬರೆದ ಕ್ರಮದಲ್ಲೇ. ಮಂಡಿಯ ಸುದ್ದಿ ಇಲ್ಲ, ಹುಣಿಸೆಹುಳಿ ಇಲ್ಲ. ಎಂಥಾ ಅಚ್ಚುಕಟ್ಟು. ಒಂದು ವಾಕ್ಯವನ್ನೂ ತಿದ್ದಬೇಕಾಗಿಲ್ಲ.

ಗೋಣಿಚೀಲದ ಮೇಲೆ ಅವರು ಕೂತ ಜಾಗ ಈಗ ಬಾವಿಗೆ ಇನ್ನೂ ಹತ್ತಿರವಾಗಿದೆ. ಒಂದು ಕೈ ಮುಚ್ಚಳದ ಮೇಲಿತ್ತು.

ಮಾರ್ಚ್ 6, ಗುರುವಾರ

ಬೀದಿಯ ತುದಿಯಲ್ಲೇ ಚಿನ್ನಪ್ಪ ಆಟೊ ನಿಲ್ಲಿಸಿಕೊಂಡು ಕಾಯುತ್ತಿದ್ದರು. "ಮೇಡಂ, ಒಂದ್ ಮಾತು. ಅವ್ವ ನಿಮ್ ಹತ್ರ ಮಾತಾಡ್ತಾರಾ?"

"ಮಾತಾಡ್ತಾರಲ್ಲ, ಯಾಕೆ?"

"ನಮ್ ಹತ್ರ ಒಂದಕ್ಷರ ಇಲ್ಲ ಮೇಡಂ. ನೀವು ಎರಡ್ನೇ ಸಲ ಬಂದ್ ಹೋದಾಗಿಂದ. ಬೆಳಗ್ಗೆ ಎದ್ದು ಹೋಗಿ ಬೋರ್ ಹತ್ರ ಕೂತ್ರೆ ಮುಗೀತು. ನನ್ ಹೆಂಡ್ತಿ ಜೊತೆ ಜಗಳ ಆಡ್ದೆ ಇದ್ದೋರೇ ಅಲ್ಲ, ಈಗ ಅವ್ಳೇ ಅಳ್ತಾಳೆ. ಆಸ್ಪತ್ರೇಲಿ ಸ್ಕ್ಯಾನ್ ಮಾಡಿಸ್ದೆ. ಎಲ್ಲಾ ಸರಿ ಇದೆ ಅಂತಾರೆ."

ವಯಸ್ಸಾದವರಿಗೆ ಒಮ್ಮೊಮ್ಮೆ ಮಂಕು ಕವಿಯುತ್ತದೆ ಎಂದೆ. ಅವರ ತಂದೆಯ ಬಗ್ಗೆಯೂ ಕೇಳಿದೆ, ಬಾವಿ ಕೊರೆಸಿದ ದಿನ ಅತ್ತಿದ್ದರಂತಲ್ಲ ಎಂದು. ಚಿನ್ನಪ್ಪ ನನ್ನ ಮುಖವನ್ನೇ ನೋಡಿದರು. "ನಮ್ಮಪ್ಪನಾ? ಬೋರ್ ಹಾಕ್ಸಿದ್ದು ನಾನು. ಅಷ್ಟೊತ್ತಿಗೆ ನಮ್ಮಪ್ಪ ಹೋಗಿ ಎಷ್ಟೋ ವರ್ಷ ಆಗಿತ್ತು. ಯಾರ್ ಹೇಳಿದ್ದು?"

"ನಿಮ್ಮ ತಾಯೀನೇ."

ಅವರು ಆಟೊ ಬಿಟ್ಟು ನನ್ನ ಜೊತೆಗೇ ಹೊರಟರು. ಹಿತ್ತಿಲಿಗೆ ಬಂದು, ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ನನ್ನನ್ನು ಬೇಡಿಕೊಂಡರು. "ನೋವೈತಾ ಅಂತ ನೀವೊಂದ್ಸಲ ಕೇಳಿ ಮೇಡಂ. ನಿಮ್ಗಾದ್ರೂ ಹೇಳ್ಬೋದು."

ಕೇಳಿದೆ. ತಿಮ್ಮಕ್ಕ ಬಾಯಿ ತೆರೆದರು. ತುಟಿ ಒದ್ದಾಡಿತು, ಕುತ್ತಿಗೆಯ ನರ ಉಬ್ಬಿತು, ಗಾಳಿ ಮಾತ್ರ ಹೊರಬಂತು. ಆಮೇಲೆ ನನ್ನ ತೊಡೆಯ ಮೇಲಿದ್ದ ಲ್ಯಾಪ್‌ಟಾಪಿನ ಚೀಲವನ್ನು ನೋಡಿದರು. ಹಾಗೇ ನೋಡುತ್ತಾ ಕೂತರು. ಪಾಪ, ಸುಸ್ತಾಗಿರಬೇಕು. ಚಿನ್ನಪ್ಪ ಬಾಡಿಗೆಗೆ ಹೋದ ಮೇಲೆ ನನ್ನ ಪಟ್ಟಿಯಲ್ಲಿದ್ದ ಪ್ರಶ್ನೆಗಳನ್ನು ಕೇಳಿದೆ, ಅರಳು ಹುರಿದಂತೆ ಉತ್ತರ ಬಂತು.

ಗಂಡ ಅತ್ತ ವಾಕ್ಯವನ್ನು ತೆಗೆದುಹಾಕಿದೆ. ತಪ್ಪು ಮಾಹಿತಿ ಹೋಗಬಾರದಲ್ಲ. ಆ ಜಾಗಕ್ಕೆ ಬೇರೆ ನೀಲಿ ಬರೆದಿದ್ದೇನೆ.

ಮಾರ್ಚ್ 11, ಮಂಗಳವಾರ

ಅಂಜನಾ ನನ್ನ ಜೊತೆ ಜಗಳವಾಡಿದಳು. ಕಾಲೇಜಿನ ಕ್ಯಾಂಟೀನಿನಲ್ಲಿ, ಎಲ್ಲರ ಎದುರಿಗೆ.

ಅವಳು ರೆಕಾರ್ಡಿಂಗುಗಳನ್ನೆಲ್ಲ ಕೇಳಿದ್ದಾಳೆ. ಮಾತುಗಳೆಲ್ಲ ಇವೆ, ಲೇಖನದಲ್ಲಿರುವುದಕ್ಕೂ ಧ್ವನಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವಳಿಗೆ ಅದೇ ತಕರಾರು. "ಮನುಷ್ಯರು ಹಿಂಗೆ ಮಾತಾಡಲ್ಲ ಕಣೇ. ಮೊದಲ್ನೇ ದಿನ ಅಜ್ಜಿ ಎಷ್ಟ್ ಸಖತ್ತಾಗಿ ಮಾತಾಡಿದಾಳೆ, ಕುಕ್ಕರ್ ಅಂತೆ, ಹುಳಿಸಾರಂತೆ. ಅದನ್ ಯಾಕ್ ಬಿಟ್ಟೆ? ಆಮೇಲಿನ ರೆಕಾರ್ಡಿಂಗಲ್ಲಿ ಅವಳು ಉಸಿರೇ ತಗೊಳಲ್ಲ, ಗಮನಿಸಿದ್ಯಾ? ಇಷ್ಟುದ್ದ ವಾಕ್ಯ, ನಡುವೆ ಒಂದ್ಸಲಾನೂ ಉಸಿರು ಎಳ್ಕೊಳಲ್ಲ."

ನಾನು ಗಮನಿಸಿರಲಿಲ್ಲ.

"ಇನ್ನೊಂದು. ನಿನ್ನ ಕರಡಿನ ಹಳೇ ಪ್ರತಿ ನೋಡ್ದೆ. ಭಾನುವಾರ ಟೈಪ್ ಮಾಡಿದೀಯ, ಅಜ್ಜಿ ಗುರುವಾರ ಹೇಳಿದಾಳೆ. ಬರ್ದಿದ್ದನ್ನ ಅವಳ ಕೈಲಿ ಓದಿಸ್ದಾ?"

"ತಿಮ್ಮಕ್ಕನಿಗೆ ಓದೋಕೆ ಬರಲ್ಲ" ಎಂದೆ.

ಅಂಜನಾ ಕಾಫಿ ಲೋಟ ಕೆಳಗಿಟ್ಟಳು. "ಪ್ರೇರಣಾ, ನಂಗೆ ಇದು ಸರಿ ಕಾಣ್ತಿಲ್ಲ. ನಾನ್ ಸೈನ್ ಹಾಕಲ್ಲ. ಗುರುವಾರ ಸರ್ ಹತ್ರ ಹೋಗಿ ಹೇಳೋಣ, ಇಬ್ರೂ ಹೋಗೋಣ" ಎಂದು ನನ್ನ ಕೈ ಹಿಡಿದುಕೊಂಡಳು.

ಕೈ ಬಿಡಿಸಿಕೊಂಡು ಬಂದೆ. ಅವಳಿಗೇನು, ಇಪ್ಪತ್ಮೂರು ವರ್ಷ. ಒಂದು ವರ್ಷ ಹೋದರೆ ಇನ್ನೊಂದು. ನನಗೆ ಹಾಗಲ್ಲ. ಸಿಟ್ಟಿನಲ್ಲಿ ಲ್ಯಾಪ್‌ಟಾಪ್ ತೆರೆದು ಕರಡಿನ ಕೊನೆಗೆ ನೀಲಿಯಲ್ಲಿ ಬರೆದೆ: ಅಂಜನಾ: "ಎಲ್ಲವೂ ಸರಿಯಾಗಿದೆ. ನನಗೆ ಯಾವ ಆಕ್ಷೇಪವೂ ಇಲ್ಲ." ಬರೆದ ಮೇಲೆ ಮನಸ್ಸು ಸ್ವಲ್ಪ ತಣ್ಣಗಾಯಿತು. ನಾನು ವಿಜ್ಞಾನ ಓದಿದವಳು, ಬರೆದದ್ದರಿಂದ ಏನಾದರೂ ಆಗುತ್ತದೆ ಎಂದು ನಂಬುವವಳಲ್ಲ.

ಮಾರ್ಚ್ 13, ಗುರುವಾರ

ಅಂಜನಾ ಸಹಿ ಹಾಕಿದಳು. "ಎಲ್ಲವೂ ಸರಿಯಾಗಿದೆ. ನನಗೆ ಯಾವ ಆಕ್ಷೇಪವೂ ಇಲ್ಲ" ಎಂದಳು.

ನಾನು ಥ್ಯಾಂಕ್ಸ್ ಹೇಳಿದೆ.

ಮಾರ್ಚ್ 18, ಮಂಗಳವಾರ

ಲೇಖನ ಪರೀಕ್ಷಕರಿಗೆ ಹೋಗಿದೆ. ಮೌಖಿಕ ಪರೀಕ್ಷೆ 28ಕ್ಕೆ.

ಇವತ್ತು ಅಂಜನಾ ತನ್ನ ಲೇಖನ ಮಂಡಿಸಬೇಕಿತ್ತು. ವೇದಿಕೆಯ ಮೇಲೆ ನಿಂತಳು, ಮೈಕ್ ಹಿಡಿದಳು. ಎಲ್ಲರೂ ಕಾದೆವು. ಆಮೇಲೆ ಅವಳು ಮೂರನೇ ಸಾಲಿನಲ್ಲಿದ್ದ ನನ್ನ ಕಡೆ ತಿರುಗಿದಳು. ನಾನು ತಲೆ ತಗ್ಗಿಸಿ ಫೋನ್ ನೋಡಿದೆ. ಗೌರೀಶಂಕರ ಸರ್, "ಹುಷಾರಿಲ್ವೇನಮ್ಮ, ಹೋಗಿ ರೆಸ್ಟ್ ಮಾಡು" ಎಂದು ಇಳಿಸಿದರು. ವೇದಿಕೆ ಭಯ ಎಂಥವರಿಗೂ ಬರುತ್ತದೆ.

ಸಂಜೆ ಲಾಲ್‌ಬಾಗಿನ ಕಡೆಯಿಂದ ನಡೆದುಕೊಂಡೇ ಬಂದೆ. ಸುತ್ತು ದಾರಿ, ಯಾಕೆ ಹಾಗೆ ಬಂದೆನೋ ಗೊತ್ತಿಲ್ಲ. ರಸ್ತೆಯ ಬದಿಯಲ್ಲಿ ಬಿಬಿಎಂಪಿಯವರು ಮುಚ್ಚಿದ ಒಂದು ಹಳೇ ಬೋರ್ ಇತ್ತು. ಅಷ್ಟು ಟ್ರಾಫಿಕ್ಕಿನ ನಡುವೆಯೂ ಅದರ ಸದ್ದು ನನಗೆ ಕೇಳಿಸಿತು. ನಿಂತು ಕೇಳಿದೆ.

ಮಾರ್ಚ್ 22, ಶನಿವಾರ

ಅಮ್ಮ ಮತ್ತು ನಾನು. ಇಂಥಾ ಜಗಳ ನಮ್ಮಿಬ್ಬರ ನಡುವೆ ಎಂದೂ ಆಗಿರಲಿಲ್ಲ.

ಶುರುವಾದದ್ದು ಫೋನಿನಿಂದ. ಅಂಜನಾ ಮನೆ ಕಡೆ ಬಂದೇ ಇಲ್ಲವಲ್ಲ ಎಂದು ಅಮ್ಮ ತಾನೇ ಅವಳಿಗೆ ಫೋನ್ ಮಾಡಿದ್ದಳು. ನಾನು ಬಟ್ಟೆ ಒಣಹಾಕಿ ಟೆರೇಸಿನಿಂದ ಇಳಿದು ಬಂದಾಗ ಸೋಫಾದ ಮೇಲೆ ಫೋನ್ ಕಿವಿಗಿಟ್ಟುಕೊಂಡು ಕಲ್ಲಿನ ಹಾಗೆ ಕೂತಿದ್ದಳು.

"ಆ ಮಗು ಎತ್ತಿದಾಳೆ ಕಣೇ. ಲೈನ್ ಸರಿಯಾಗಿದೆ. ಆ ಕಡೆ ಉಸಿರು ಕೇಳ್ಸುತ್ತೆ, ಮಾತಿಲ್ಲ. ಅವರಮ್ಮ ಫೋನ್ ಇಸ್ಕೊಂಡು ಒಂದೇ ಸಮನೆ ಅತ್ರು. ಹತ್ತು ದಿನ ಆಯ್ತಂತೆ ಬಾಯಿ ಬಿಟ್ಟು. ಸೈನ್ ಹಾಕಿ ಬಂದ ದಿನದಿಂದ. ಏನೇ ಮಾಡ್ದೆ ಅವಳಿಗೆ?"

"ನಾನೇನ್ ಮಾಡ್ಲಿ? ಅವಳಿಗೆ ಹುಷಾರಿಲ್ಲ."

"ಗೊಟ್ಟಿಗೆರೆ ಅಜ್ಜಿಗೂ ಹುಷಾರಿಲ್ಲ ಅಂದೆ. ನೀನ್ ಯಾರನ್ ಕಂಡು ಬಂದ್ರೂ ಅವರಿಗ್ ಹುಷಾರಿಲ್ವಾ? ನನ್ ಕಡೆ ನೋಡು. ನಾನು ಜೀವಮಾನ ಪೂರ್ತಿ ಜನರ ಗಂಟಲು ಕೇಳಿದೋಳು. ನೀನು ರೂಮಲ್ಲಿ ಹಾಕ್ಕೊಂಡು ಕೇಳ್ತೀಯಲ್ಲ ಆ ರೆಕಾರ್ಡು, ಗೋಡೆ ಈಚೆಯಿಂದ ನಂಗೂ ಕೇಳುತ್ತೆ. ಅದು ಅಜ್ಜಿ ಗಂಟಲು ಹೌದು, ಅಜ್ಜಿ ಮಾತಲ್ಲ. ಅದು ನಿನ್ ಮಾತು ಪ್ರೇರಣಾ. ನೀನು ಕ್ಲಾಸಿಗೆ ಪಾಠ ಹೇಳ್ತಿದ್ಯಲ್ಲ, ಆ ರಾಗ."

ನನಗೆ ತಲೆ ಕೆಟ್ಟಿತು. ನಿನಗೆ ವಿಜ್ಞಾನ ಗೊತ್ತಾ, ಪತ್ರಿಕೋದ್ಯಮ ಗೊತ್ತಾ ಎಂದು ಬಾಯಿಗೆ ಬಂದ ಹಾಗೆ ಅಂದೆ. ಅಮ್ಮ ಜಗ್ಗಲಿಲ್ಲ. "ಗೊತ್ತಿಲ್ಲ. ನಂಗೆ ಗೊತ್ತಿರೋದು ನೀನು. ನಿಂಗೆ ಈ ಪದವಿ ಸಿಗ್ಲಿ ಅಂತ ನಾನು ಸೋಮವಾರ ಸೋಮವಾರ ಒಪ್ಪತ್ತು ಮಾಡ್ತಿದೀನಿ. ಆದ್ರೆ ಇನ್ನೊಬ್ಬರ ಬಾಯಿ ಕಿತ್ಕೊಂಡು ಬರೋದಾದ್ರೆ ಆ ಕಾಗದ ಈ ಮನೆಗೆ ಬೇಡ. ಹೋಗಿ ನಿಮ್ ಸರ್‌ಗೆ ಎಲ್ಲಾ ಹೇಳು. ನೀನ್ ಹೇಳ್ದಿದ್ರೆ ಸೋಮವಾರ ಬೆಳಗ್ಗೆ ನಾನೇ ಫೋನ್ ಮಾಡ್ತೀನಿ" ಎಂದಳು. ಆಮೇಲೆ ಧ್ವನಿ ಇಳಿಸಿ, "ನಂಗ್ ಭಯ ಆಗ್ತಿದೆ ಕಣೇ. ನಿನ್ ಮೇಲೆ ಕೋಪ ಇಲ್ಲ, ಭಯ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಅವಳು ಫೋನ್ ಮಾಡುತ್ತಾಳೆ. ನನಗೆ ಗೊತ್ತು, ಹೇಳಿದ್ದನ್ನು ಮಾಡದೆ ಬಿಡುವವಳಲ್ಲ. ಸರ್ ಅಂಜನಾಳನ್ನು ಕರೆಸುತ್ತಾರೆ, ಚಿನ್ನಪ್ಪನನ್ನು ಕರೆಸುತ್ತಾರೆ. ಇನ್ನು ಐದಾರು ದಿನವಿರುವಾಗ ಎಲ್ಲ ಮಣ್ಣುಪಾಲು.

ಈ ದಿನಚರಿಯನ್ನು ಯಾವಾಗಲೂ ಕಪ್ಪು ಪೆನ್ನಿನಲ್ಲಿ ಬರೆಯುತ್ತಿದ್ದೆ. ಈಗ ಕೈಗೆ ಸಿಕ್ಕಿದ್ದು ನೀಲಿ. ಸುಮ್ಮನೆ, ಸಮಾಧಾನಕ್ಕೆ.

ಅಮ್ಮ: "ನಿನ್ನ ಇಷ್ಟದಂತೆ ಮಾಡು. ನಾನು ಯಾರಿಗೂ ಏನೂ ಹೇಳುವುದಿಲ್ಲ."

ಮಾರ್ಚ್ 23, ಭಾನುವಾರ

ಬೆಳಗ್ಗೆ ಕಾಫಿ ತಂದಿಟ್ಟು ಅಮ್ಮ, "ನಿನ್ನ ಇಷ್ಟದಂತೆ ಮಾಡು. ನಾನು ಯಾರಿಗೂ ಏನೂ ಹೇಳುವುದಿಲ್ಲ" ಎಂದಳು.

ದೊಡ್ಡ ಭಾರ ಇಳಿಯಿತು. ಜಗಳ ಎಷ್ಟಾದರೂ ಅಮ್ಮ ಅಮ್ಮನೇ.

ಮಾರ್ಚ್ 25, ಮಂಗಳವಾರ

ಓದಿಗೆ ಮನೆ ಹೇಳಿ ಮಾಡಿಸಿದಂತಿದೆ. ಸದ್ದಿಲ್ಲ.

ಟಿವಿ ಕೂಡ ಹಚ್ಚುವುದಿಲ್ಲ ಅಮ್ಮ. ಪಕ್ಕದ ಮನೆಯ ರುದ್ರಮ್ಮ ಆಂಟಿ ಬಾಗಿಲಿಗೆ ಬಂದು, "ಏನ್ ಶಿವಬಸಮ್ಮನೋರು ಮಾತೇ ಬಿಟ್ಬಿಟ್ರಲ್ಲ, ನನ್ ಮೇಲೇನಾದ್ರೂ ಬೇಜಾರಾ?" ಎಂದರು. ಗಂಟಲು ಕಟ್ಟಿದೆ ಎಂದೆ.

ಮಾರ್ಚ್ 28, ಶುಕ್ರವಾರ

ಪಾಸು. ಬರೀ ಪಾಸಲ್ಲ, ತರಗತಿಗೇ ಮೊದಲು.

ಹೊರಗಿನಿಂದ ಬಂದ ಪರೀಕ್ಷಕರು ನನ್ನ ಲೇಖನವನ್ನು ಓದಿ ಎರಡು ದಿನ ನಿದ್ದೆ ಬರಲಿಲ್ಲ ಎಂದರು. ತಿಮ್ಮಕ್ಕನ ಮಾತುಗಳನ್ನು ಗಟ್ಟಿಯಾಗಿ ಓದಿ ಹೇಳಿದರು. ವಾಯುಭಾರದ ಬಗ್ಗೆ ಕೇಳಿದ ಪ್ರಶ್ನೆಗೆಲ್ಲ ನೀರು ಕುಡಿದ ಹಾಗೆ ಉತ್ತರಿಸಿದೆ. ಗೌರೀಶಂಕರ ಸರ್ ಮಾತ್ರ ಕೊನೆಯಲ್ಲಿ, "ಒಂದೇ ಒಂದು ಡೌಟು ಪ್ರೇರಣಾ. ನಿಮ್ ಅಜ್ಜಿ ನಿಮ್ ಥರಾನೇ ಮಾತಾಡ್ತಾರಲ್ಲ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೆಟ್ಟಿಲು ಇಳಿಯುವಾಗ ಕಾಲು ನೆಲದ ಮೇಲಿರಲಿಲ್ಲ. ಕೆಲಸ ಬಿಟ್ಟಾಗಿನಿಂದ ಈ ದಿನವನ್ನೇ ಕಣ್ಣಿಗೆ ಕಟ್ಟಿಕೊಂಡು ಬದುಕಿದ್ದೆ. ಹೋಳಿಗೆ ಅಂಗಡಿಯಲ್ಲಿ ಸಾಲು ನಿಂತು ಬಿಸಿ ಬಿಸಿ ಕಟ್ಟಿಸಿಕೊಂಡೆ. ಕತ್ರಿಗುಪ್ಪೆಯ ನಮ್ಮ ಬೀದಿ ತಿರುಗುವಾಗ ಅಮ್ಮ ಏನೆನ್ನುತ್ತಾಳೆ ಎಂದು ಯೋಚಿಸುತ್ತಾ ಬಂದೆ. ಮೊದಲು ಅಳುತ್ತಾಳೆ, ಆಮೇಲೆ ಎಲ್ಲರಿಗೂ ಫೋನ್ ಮಾಡುತ್ತಾಳೆ, ಆಮೇಲೆ ಅಂಗಡಿ ಹೋಳಿಗೆ ತಂದಿದ್ದಕ್ಕೆ ಬೈಯುತ್ತಾಳೆ.

"ಅಮ್ಮ, ಪಾಸಾದೆ" ಎಂದೆ.

ಅಮ್ಮ ಬಾಯಿ ತೆರೆದಳು. ಕುತ್ತಿಗೆಯ ನರ ಉಬ್ಬಿತು. ಕಣ್ಣಿನಿಂದ ನೀರು ಇಳಿಯಿತು. ಎಷ್ಟೋ ಹೊತ್ತು ಹಾಗೇ ನಿಂತಳು. ನಾನು ಹೋಳಿಗೆಯ ಪೊಟ್ಟಣ ಹಿಡಿದುಕೊಂಡು ಅವಳ ಎದುರಿಗೆ ನಿಂತಿದ್ದೆ. ಒಳಗಿನಿಂದ ಗಾಳಿ ಬಂತು, ಅಷ್ಟೇ.

ಆಮೇಲೆ ಅವಳು ನನ್ನ ರೂಮಿಗೆ ಹೋಗಿ ಮೇಜಿನ ಮೇಲಿದ್ದ ಈ ದಿನಚರಿಯನ್ನು ನನ್ನ ಕೈಗೆ ತಂದುಕೊಟ್ಟಳು.

ಮಾರ್ಚ್ 30, ಭಾನುವಾರ, ಯುಗಾದಿ

ನಿನ್ನೆ ಏನೂ ಬರೆಯಲಿಲ್ಲ. ನಿನ್ನೆಯೆಲ್ಲ ಅಳಿಸುವುದರಲ್ಲೇ ಹೋಯಿತು.

ಲೇಖನದ ಕಡತ ಅಳಿಸಿದೆ. ಹಳೇ ಪ್ರತಿಗಳನ್ನು ಅಳಿಸಿದೆ, ರೆಕಾರ್ಡಿಂಗುಗಳನ್ನೂ. 22ರ ಆ ಎರಡು ವಾಕ್ಯಗಳನ್ನು ಅದುಮಿ ಅದುಮಿ ಗೀಚಿದೆ. ಕಾಗದ ಹರಿದುಹೋಯಿತು, ಅಮ್ಮನಿಗೆ ಮಾತು ಬರಲಿಲ್ಲ. ಚಿನ್ನಪ್ಪನಿಗೆ ಫೋನ್ ಮಾಡಿದೆ. "ಹಂಗೇ ಅವ್ರೆ ಮೇಡಂ, ನೀವ್ ಯಾವಾಗ್ ಬರ್ತೀರಾ?" ಎಂದರು. ಫೋನ್ ಇಟ್ಟುಬಿಟ್ಟೆ. ಅಂಜನಾಳಿಗೆ ಫೋನ್ ಮಾಡಿದೆ. ಎತ್ತಿದಳು. ಅವಳ ಉಸಿರು ಕೇಳುತ್ತಾ ಕೂತೆ, ಕ್ಷಮಿಸು ಕಣೇ ಎಂದೆ, ಮತ್ತೆ ಮತ್ತೆ ಎಂದೆ. ಸರ್‌ಗೆ ಪತ್ರ ಕಳಿಸಿದ್ದೇನೆ, ನನಗೆ ಪದವಿ ಬೇಡ, ಆ ಮಾತುಗಳು ತಿಮ್ಮಕ್ಕನವಲ್ಲ ಎಂದು. ಹಬ್ಬದ ದಿನ, ಇನ್ನೂ ನೋಡಿಲ್ಲವೋ ಏನೋ.

ಬೆಳಗ್ಗೆ ಅಮ್ಮ ತೋರಣ ಕಟ್ಟಿದಳು, ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿದಳು. ತುಟಿ ಅಲುಗಲಿಲ್ಲ. ಬೇವುಬೆಲ್ಲದ ಬಟ್ಟಲನ್ನು ನನ್ನ ಮುಂದೆ ಹಿಡಿದಳು. ನಾನು ಸ್ನಾನ ಮಾಡಿರಲಿಲ್ಲ, ತಲೆ ಬಾಚಿರಲಿಲ್ಲ, ನಿನ್ನೆಯ ಬಟ್ಟೆಯಲ್ಲೇ ಇದ್ದೆ. ಹಬ್ಬದ ದಿನ ಹೀಗೆ ಕೂತಿದ್ದಕ್ಕೆ ಅವಳು ನನ್ನ ಚರ್ಮ ಸುಲಿಯಬೇಕಿತ್ತು. ಸುಮ್ಮನೆ ಕೊಟ್ಟು ಹೋದಳು.

ತಡೆಯಲಾಗಲಿಲ್ಲ. ಒಂದೇ ಒಂದು ಬೈಗುಳ, ಅಷ್ಟು ಕೇಳಿದರೆ ಸಾಕು ಎನಿಸಿತು. ನೀಲಿ ಪೆನ್ನು ತೆಗೆದುಕೊಂಡು ಬರೆದೆ: "ಹಬ್ಬದ ದಿನವೂ ಸ್ನಾನ ಮಾಡದೆ ಕುಳಿತಿದ್ದೀಯಾ? ನಿನಗೆ ಬುದ್ಧಿ ಇಲ್ಲವೇ?" ಅಡುಗೆಮನೆಯಿಂದ ಅಮ್ಮ ಬಂದಳು. ನನ್ನ ಮುಂದೆ ನಿಂತು ಅದನ್ನೇ ಹೇಳಿದಳು, ಉಸಿರು ಎಳೆದುಕೊಳ್ಳದೆ. ಸೊಗಸಾದ ವಾಕ್ಯ. ಅಮ್ಮ ಹೀಗೆ ಎಂದೂ ಬೈದವಳಲ್ಲ.

ಮತ್ತೆ ಬರೆದೆ. ಅವಳು ಆಡುವ ಹಾಗೆ ಒರಟಾಗಿ ಬರೆದೆ, ಪದಕ್ಕೆ ಪದ ಅಂಟಿಸಿ ಬರೆದೆ, ತುಂಡು ತುಂಡಾಗಿ ಬರೆದೆ. ಪ್ರತಿ ಸಲವೂ ಅಮ್ಮ ಹೇಳಿದಳು. ಗಂಟಲು ಅವಳದೇ, ಬೈಯುತ್ತಿರುವವಳು ನಾನೇ. ಅವಳ ಬೈಗುಳದಲ್ಲಿ ಎಲ್ಲಿ ನಗು ಬೆರೆಯುತ್ತಿತ್ತು, ಯಾವ ಮಾತಿಗೆ ಮುಂಚೆ ಒಂದು ಚೂರು ತಡೆಯುತ್ತಿದ್ದಳು, ನನಗೆ ತಿಳಿಯದು. ನಾನು ಯಾವತ್ತೂ ಕೇಳಿಸಿಕೊಂಡೇ ಇಲ್ಲ. ಅವಳು ಮಾತಾಡುವಾಗಲೆಲ್ಲ ನನ್ನ ಮುಂದಿನ ವಾಕ್ಯ ಯೋಚಿಸುತ್ತಿದ್ದೆ.

ಅವಳಿಗೆ ಸುಸ್ತಾಗಿದೆ, ಹಣೆಯ ಮೇಲೆ ಬೆವರು ಇಳಿಯುತ್ತಿದೆ. ಸಾಕು ಎಂದೆ. ಕೂತ್ಕೋ ಅಮ್ಮ ಎಂದೆ.

ಎದುರಿನ ಕುರ್ಚಿಯಲ್ಲಿ ಕೂತಿದ್ದಾಳೆ. ನಾನು ಅಳುತ್ತಿರುವುದು ಅವಳಿಗೆ ಕಾಣುತ್ತಿದೆ, ಏನೋ ಹೇಳಬೇಕು ಅವಳಿಗೆ, ತುಟಿ ಒದ್ದಾಡುತ್ತಿದೆ. ನಾನು ಬರೆಯದೆ ಅವಳು ಹೇಳಲಾರಳು. ಬರೆದರೆ ಅದು ಅವಳದಾಗುವುದಿಲ್ಲ. ಅಮ್ಮ ಪೆನ್ನಿನ ತುದಿಯನ್ನೇ ನೋಡುತ್ತಿದ್ದಾಳೆ.